ಬಟ್ಟೆ ತುರುಕಿದ ಕ್ಲಾರಿನೆಟ್

ಸಾಂತಿ ಬೆಳಿಗ್ಗೆ ಬೆಳಿಗ್ಗೆಯೇ ಸೂಲೂರಿನಿಂದ ಬಸ್ಸು ಹತ್ತಿ ಕುರಿಚಿಯ ಅಣ್ಣನ ಮನೆಗೆ ಬಂದಾಗ ಅವಳ ಕಂಕುಳಲ್ಲಿ ಹಳೇ ಸೀರೆಯ ಚೂರು ಸುತ್ತಿದ ಉದ್ದನೆಯ ಗಂಟೊಂದಿತ್ತು. ದೇವರಾಜನ್ ಗಂಟನ್ನು ಕಂಡೊಡನೆ ಅದೇನೆಂದು ಗುರುತಿಸಿದ. ಅವಳ ಗಂಡ ಚೆನ್ನಿಯಪ್ಪನ ಕ್ಲಾರಿನೆಟ್. ಚೆನ್ನಿಯಪ್ಪನ ಬಲಗೈ ಹೋದ ಮೇಲೆ ಅದನ್ನು ಆ ಮನೆಯಲ್ಲಿ ಯಾರೂ ಮುಟ್ಟಿರಲಿಲ್ಲ. ಈಗ ತಂಗಿ ಅದನ್ನು ಎತ್ತಿಕೊಂಡು ಬಂದಿದ್ದಾಳೆ, ಅದೂ ಮುಖದಲ್ಲಿ ಕಳೆ ಹೊತ್ತುಕೊಂಡು. ದೇವರಾಜನ್‌ಗೆ ಏನೋ ಅನುಮಾನವಾಯಿತು.

"ಅಣ್ಣಾ, ಅವ್ರು ಬಾಯಿ ಬಿಟ್ರು," ಎಂದಳು. "ದೇವಾ ಬಂದು ನನ್ ಮುಂದೆ ಕೂತು ಊದ್ಲಿ, ಅವತ್ತು ಎದ್ದು ಉಣ್ತೀನಿ ಅಂದ್ರು. ಅಷ್ಟೇ ಅಣ್ಣಾ. ಬೇರೆ ಏನೂ ಬೇಡವಂತೆ."

ಅಷ್ಟೇ ಅಂತೆ! ದೇವರಾಜನ್ ತಂಗಿ ಕಾಣದ ಹಾಗೆ ಬಾಗಿಲ ಚೌಕಟ್ಟು ಹಿಡಿದುಕೊಂಡ.

ಚೆನ್ನಿಯಪ್ಪನ್ ಹಗಲೆಲ್ಲ ಒಂದು ಫೌಂಡ್ರಿಯಲ್ಲಿ ದುಡಿಯುತ್ತಿದ್ದ. ಮುಹೂರ್ತದ ದಿನಗಳಲ್ಲಿ ಸೆಂದಿಲ್ ಕುಮಾರನ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ. ಒಂದು ಮಧ್ಯಾಹ್ನ ಪ್ರೆಸ್ಸಿನಡಿ ಬಲಗೈ ಸಿಕ್ಕಿತು. ಆಸ್ಪತ್ರೆಯವರು ಮಣಿಕಟ್ಟಿನ ಮೇಲಕ್ಕೆ ಕತ್ತರಿಸಿ ತೆಗೆದುಬಿಟ್ಟರು. ಮನೆಗೆ ಬಂದವನು ಗೋಡೆಗೆ ಮುಖ ಮಾಡಿ ಮಲಗಿದ. ಮಾತಿಲ್ಲ, ಊಟವಿಲ್ಲ. ಡಾಕ್ಟರು ಮನಸ್ಸಿಗೆ ಪೆಟ್ಟು ಬಿದ್ದಿದೆ ಎಂದು ಮಾತ್ರೆ ಬರೆದುಕೊಟ್ಟರು. ಮನಸ್ಸಿಗೆ ಬೀಳದೆ ಇನ್ನೆಲ್ಲಿಗೆ ಬೀಳಬೇಕು? ಆದರೆ ಅನ್ನ ಯಾಕೆ ಬೇಡವಾಯಿತು ಎನ್ನುವುದು ಮಾತ್ರೆ ಬರೆಯುವವರಿಗೆ ತಿಳಿಯುವ ಸಂಗತಿಯಲ್ಲ. ಇನ್ನು ಮೇಲೆ ಉಂಡರೆ ಎಡಗೈಯಲ್ಲಿ ಉಣ್ಣಬೇಕು. ಇಲ್ಲದಿದ್ದರೆ ಕೂಸಿನ ಹಾಗೆ ಹೆಂಡತಿಯ ಕೈಯಲ್ಲಿ ತಿನ್ನಿಸಿಕೊಳ್ಳಬೇಕು. ಬೇರೆಯವರು ಎಡಗೈಯಲ್ಲಿ ವಿಭೂತಿ ತೆಗೆದುಕೊಂಡರೂ ಬೈಯುತ್ತಿದ್ದ ಗಂಡಸು ಅವನು. ಮಗಳು ಜನನಿ ಲೋಟ ಬಾಯಿಗೆ ಹಿಡಿದರೆ ಎರಡು ಗುಟುಕು ಮಜ್ಜಿಗೆ ಕುಡಿಯುತ್ತಿದ್ದ. ಜೀವ ಹಿಡಿದಿದ್ದುದು ಅದರ ಮೇಲೆಯೇ.

ಅಂಥವನು ಬಾಯಿ ಬಿಟ್ಟು ಕೇಳಿದ್ದು ದೇವರಾಜನ್ ಊದಲಿ ಎಂದು. ಸಾಂತಿಗೆ ಸಂತೋಷವಾಗದೆ ಇರುತ್ತದೆಯೇ? ಅಣ್ಣ ತಾನೇ, ಅದೇ ಸೆಟ್ಟಿನಲ್ಲಿ ಅದೇ ವಾದ್ಯ ಊದುವವನು ತಾನೇ, ಬಂದು ಒಂದು ಪಾಟು, ಒಂದೇ ಒಂದು ಹಾಡು, ಊದಿದರೆ ಮುಗಿಯಿತಲ್ಲ.

ವಿಷಯ ಏನಪ್ಪಾ ಅಂದರೆ, ದೇವರಾಜನ್ ಡಮ್ಮಿ.

ಮದುವೆಗೆ ಬ್ಯಾಂಡ್ ಕರೆಸುವವರು ಸೆಂದಿಲ್ ಕುಮಾರನನ್ನು ಮೊದಲು ಕೇಳುತ್ತಿದ್ದುದು ಎಷ್ಟು ಜನ ಬರುತ್ತೀರಿ ಎಂದು. ಏನು ನುಡಿಸುತ್ತೀರಿ ಎಂದು ಕೇಳಿದ ಪುಣ್ಯಾತ್ಮ ಒಬ್ಬನೂ ಇಲ್ಲ. ಕೆಂಪು ಕೋಟು ಹೆಚ್ಚಿದಷ್ಟೂ ಬೀಗರ ಮುಂದೆ ಮೀಸೆ ಮೇಲೇರುತ್ತದೆ. ಊದಬಲ್ಲವರನ್ನು ಅಷ್ಟು ಜನ ಎಲ್ಲಿಂದ ತರಬೇಕು? ಅದಕ್ಕೇ ಸೆಟ್ಟಿನಲ್ಲಿ ಅರ್ಧ ಜನ ಊದುತ್ತಿದ್ದರು, ಇನ್ನರ್ಧ ಜನ ಊದಿದ ಹಾಗೆ ಮಾಡುತ್ತಿದ್ದರು. ಅಪ್ಪಿತಪ್ಪಿಯೂ ಕೀಚ್ ಅನ್ನದಿರಲೆಂದು ಡಮ್ಮಿಗಳ ವಾದ್ಯದೊಳಕ್ಕೆ ಬಟ್ಟೆ ತುರುಕಿರುತ್ತಿತ್ತು. ದೇವರಾಜನ್ ದುಡಿಯುತ್ತಿದ್ದ ಪವರ್‌ಲೂಮ್ ಶೆಡ್ಡಿನ ಮಗ್ಗಗಳನ್ನು ಹಳೇ ಕಬ್ಬಿಣಕ್ಕೆ ಹಾಕಿದ ವರ್ಷ, ಕೈ ಕಟ್ಟಿ ಕೂತಿದ್ದವನನ್ನು ಚೆನ್ನಿಯಪ್ಪನೇ ಕರೆತಂದು ಕೆಂಪು ಕೋಟು ತೊಡಿಸಿದ್ದ. ಹಗಲು ಒಂದು ಎಂಜಿನಿಯರಿಂಗ್ ಯೂನಿಟ್ಟಿನಲ್ಲಿ ವಾಚ್‌ಮನ್ ಕೆಲಸ, ಮುಹೂರ್ತ ಬಂದರೆ ಡಮ್ಮಿ.

ಆದರೆ ಡಮ್ಮಿಗಳಲ್ಲಿ ಅವನು ರಾಜ. ಮಂಟಪದ ಬಾಗಿಲಲ್ಲಿ ಸೆಟ್ಟು ಎರಡು ಸಾಲಾಗಿ ಎದುರುಬದುರು ನಿಲ್ಲುತ್ತಿತ್ತು. ದೇವರಾಜನ್ ನಿಲ್ಲುತ್ತಿದ್ದುದು ಚೆನ್ನಿಯಪ್ಪನ ನೇರ ಎದುರಿಗೆ. ನೂಲಿನ ಎಳೆ ಹುಡುಕಿ ಪಳಗಿದ ಕಣ್ಣು. ಭಾವನ ಬೆರಳು ಎಲ್ಲಿ ಏಳುತ್ತದೆ, ಎಲ್ಲಿ ಕೂರುತ್ತದೆ ಎನ್ನುವುದನ್ನು ವರ್ಷಗಟ್ಟಲೆ ನೋಡಿ ನೋಡಿ ಒಂದನ್ನೂ ಬಿಡದೆ ಕಲಿತುಬಿಟ್ಟ. ಮದುವೆ ಮನೆಯ ಮಕ್ಕಳು ಮೊಬೈಲು ಹಿಡಿದು ವಿಡಿಯೋ ಮಾಡುತ್ತಿದ್ದುದು ಇವನ ಬೆರಳನ್ನೇ. ಊರಿಗೆ ಊರೇ ಇವನು ದೊಡ್ಡ ಕಲಾವಿದ ಎಂದು ನಂಬಿತ್ತು. ಒಡಹುಟ್ಟಿದ ತಂಗಿಯೂ ನಂಬಿದ್ದಳು. ಗುಟ್ಟು ಗೊತ್ತಿದ್ದುದು ಸೆಟ್ಟಿನವರಿಗೆ. ಭಾವನಂತೂ ಅದನ್ನು ಹೆಂಡತಿಗೂ ಬಿಟ್ಟುಕೊಟ್ಟಿರಲಿಲ್ಲ.

ಈಗ ನೀವೇ ಯೋಚನೆ ಮಾಡಿ. ದೇವಾ ಊದಿದ ದಿನ ಉಣ್ಣುತ್ತೇನೆ ಎಂದು ಚೆನ್ನಿಯಪ್ಪನ್ ಹೇಳಿದರೆ ಅದರರ್ಥ ಏನು? ಕೋಣ ಕರು ಹಾಕಿದ ದಿನ ಉಣ್ಣುತ್ತೇನೆ ಎಂದ ಹಾಗೆ. ಸಾಯುತ್ತೇನೆ, ನನ್ನನ್ನು ಬಿಡಿ ಎಂದು ಹೇಳಿದ್ದ ಅಷ್ಟೇ. ಅದನ್ನು ಈ ಪಾಪದ ಹೆಂಗಸು ವರ ಸಿಕ್ಕಿತೆಂದು ಮಡಿಲಲ್ಲಿ ಕಟ್ಟಿಕೊಂಡು ಬಂದಿದ್ದಳು.

ದೇವರಾಜನ್‌ಗೆ ಬಿಸಿತುಪ್ಪ ಬಾಯಿಗೆ ಬಿದ್ದಂತಾಯಿತು. ನಾನು ಡಮ್ಮಿ ಕಣಮ್ಮಾ ಎಂದು ಹೇಳಿಬಿಡಬಹುದಿತ್ತು. ನಾಚಿಕೆಯಾದರೆ ಆಗಲಿ, ಅದೇನು ದೊಡ್ಡದಲ್ಲ. ಆದರೆ ಅದನ್ನು ಹೇಳಿದ ಮರುಗಳಿಗೆಗೇ ಗಂಡ ಆಡಿದ ಮಾತಿನ ನಿಜವಾದ ಅರ್ಥ ಅವಳಿಗೆ ತಿಳಿಯುತ್ತದೆ. ಆಮೇಲೆ ಅವಳು ಯಾವ ಧೈರ್ಯದ ಮೇಲೆ ಒಲೆ ಹಚ್ಚಬೇಕು? ಕ್ಲಾರಿನೆಟ್ ಇಲ್ಲಿರಲಿ, ಊದುವ ತುದಿಯ ರೀಡು ಒಣಗಿದೆ, ಸರಿಮಾಡಿಕೊಂಡು ಬತ್ತೀನಿ ಎಂದು ಹೇಳಿ ಅವಳನ್ನು ಕಳುಹಿಸಿದ. ಅವಳು ಬಸ್‌ಸ್ಟಾಪಿನವರೆಗೂ ಎರಡು ಸಲ ತಿರುಗಿ ಶೀಕ್ರಂ, ಬೇಗ ಬಾ ಅಣ್ಣಾ ಎಂದಳು.

ಅವನಿಗೆ ಉಳಿದಿದ್ದು ಒಂದೇ ದಾರಿ. ಊದುವುದನ್ನು ಕಲಿಯುವುದು.

ಯೂನಿಟ್ಟಿನ ಹಿಂದೆ, ಪಕ್ಕದ ಫೌಂಡ್ರಿಯ ಗೋಡೆಗೆ ಆತುಕೊಂಡು, ಮರಳು ಸುರಿಯುವ ಜಾಗವೊಂದಿತ್ತು. ಅಲ್ಲಿ ಬ್ಲೋವರ್ ಮತ್ತು ಗ್ರೈಂಡರುಗಳ ಗದ್ದಲಕ್ಕೆ ಮನುಷ್ಯ ಅರಚಿದರೂ ಕೇಳುವುದಿಲ್ಲ. ದೇವರಾಜನ್ ಊಟದ ಹೊತ್ತಿಗೆ ಅಲ್ಲಿಗೆ ಹೋಗಿ ಭಾವನ ಕ್ಲಾರಿನೆಟ್ಟಿನ ಗಂಟು ಬಿಚ್ಚಿದ. ಕರಿಮರದ ಮೈಯಲ್ಲಿ ಭಾವನ ಬೆರಳು ಕೂತು ಕೂತು ನುಣುಪಾದ ಜಾಗಗಳು ಕಾಣುತ್ತಿದ್ದವು. ರೀಡನ್ನು ನಾಲಿಗೆಯಲ್ಲಿ ನೆನೆಸಿ, ಕಣ್ಣು ಮುಚ್ಚಿ, ಮನೆದೇವತೆ ಸೌಡಮ್ಮನನ್ನು ನೆನೆದು ಊದಿದ. ಬರೀ ಗಾಳಿ ಬುಸ್ಸೆಂದಿತು. ಇನ್ನೂ ಜೋರಾಗಿ ಊದಿದ. ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಕಿರುಚಿ ಸುಮ್ಮನಾಯಿತು.

ಬೆರಳೇನೋ ಓಡುತ್ತಿದ್ದವು. ಮೇಲಿನಿಂದ ಕೆಳಕ್ಕೆ, ಕೆಳಗಿನಿಂದ ಮೇಲಕ್ಕೆ, ಎಲ್ಲಿಯೂ ತಡವರಿಸದೆ ಓಡುತ್ತಿದ್ದವು. ಆದರೆ ಓಡುವ ಬೆರಳಿಗೆ ಉಸಿರು ಸಿಗುತ್ತಿರಲಿಲ್ಲ. ಕೆಳತುಟಿ ಹಲ್ಲಿಗೆ ಒತ್ತಿ ಒತ್ತಿ ಹರಿಯಿತು. ಮನೆಗೆ ಹೋಗಿ ಸಾರು ಬಾಯಿಗಿಟ್ಟರೆ ಕಣ್ಣಲ್ಲಿ ನೀರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಇವನು ರೀಡಿನ ಮೇಲೆ ತಪ್ಪು ಹೊರಿಸಿ ಬೇರೆ ರೀಡು ತಂದ. ಅದೂ ಕಿರುಚಿತು. ಕೊನೆಗೆ ನಾಚಿಕೆ ಬಿಟ್ಟು ಸೆಂದಿಲ್ ಕುಮಾರನ ಮುಂದೆ ಹೋಗಿ ನಿಂತ.

ಬ್ಯಾಂಡ್ ಮಾಸ್ಟರ್ ಸೆಂದಿಲ್ ಕುಮಾರ್ ತಮಿಳಿನವನು, ಮಾತು ಒರಟು, ಮನಸ್ಸು ಕೆಟ್ಟದಲ್ಲ. ಎಲ್ಲಾ ಕೇಳಿ, ಹಿಡಿ ನೋಡೋಣ ಎಂದ. ದೇವರಾಜನ್ ಕ್ಲಾರಿನೆಟ್ ಹಿಡಿದ. ಮಾಸ್ಟರ್ ಅವನ ಕೈಗಳನ್ನೇ ನೋಡುತ್ತ ನೋಡುತ್ತ ನಗಲು ಶುರುಮಾಡಿದ. ಆಮೇಲೆ ನಗು ನಿಲ್ಲಿಸಿ ಹಣೆ ಚಚ್ಚಿಕೊಂಡ. ಕ್ಲಾರಿನೆಟ್ಟಿನ ಮೇಲಿನ ತೂತುಗಳಿಗೆ ಎಡಗೈ, ಕೆಳಗಿನ ತೂತುಗಳಿಗೆ ಬಲಗೈ. ಇದು ಲೋಕದ ಲೆಕ್ಕ. ದೇವರಾಜನ್ ಹಿಡಿದಿದ್ದುದು ಬಲಗೈ ಮೇಲೆ, ಎಡಗೈ ಕೆಳಗೆ. ಎದುರಿಗೆ ನಿಂತು ಕಲಿತವನಲ್ಲವೇ? ಕನ್ನಡಿಯಲ್ಲಿ ನೋಡಿ ಕಲಿತ ಹಾಗೆ ಇಡೀ ವಿದ್ಯೆಯನ್ನೇ ತಿರುಗುಮುರುಗು ಕಲಿತಿದ್ದ. ಬಟ್ಟೆ ತುರುಕಿದ ವಾದ್ಯಕ್ಕೆ ಯಾವ ಕೈ ಮೇಲಿದ್ದರೇನು ಎಂದು ಯಾರೂ ತಿದ್ದಿರಲಿಲ್ಲ.

ಮಾಸ್ಟರ್ ಹೇಳಿದ್ದಿಷ್ಟು. ಬೆರಳನ್ನು ಮರೆ. ಕೆಳತುಟಿಯನ್ನು ಹಲ್ಲಿನ ಮೇಲೆ ಮೆತ್ತಗೆ ಮಡಿಸು, ಕಚ್ಚಬೇಡ, ಕೆನ್ನೆ ಉಬ್ಬಿಸಬೇಡ, ಉಸಿರನ್ನು ಹೊಟ್ಟೆಯಿಂದ ತೆಗೆದು ಒಂದೇ ಸ್ವರವನ್ನು ಹಿಡಿ, ಅದು ಅಲುಗದೆ ನಿಲ್ಲುವವರೆಗೆ ಎರಡನೆಯದಕ್ಕೆ ಹೋಗಬೇಡ. ನಾದ ಎಂಬುದು ಹಾಗೆ ಬರುತ್ತದೆ. ಯಾವಾಗ ಬರುತ್ತದೆ ಎಂದು ದೇವರಾಜನ್ ಕೇಳಿದ. ಮಾಸ್ಟರ್‌ಗೆ ಅವನ ಮುಖ ನೋಡಿ ಕನಿಕರ ಬಂದಿರಬೇಕು, ಒಂದು ಉಪಾಯ ಹೇಳಿಕೊಟ್ಟ: ತಿರುಪ್ಪೂರಿನಲ್ಲಿ ತನಗೆ ಗೊತ್ತಿರುವ ಕ್ಲಾರಿನೆಟ್‌ನವನೊಬ್ಬನಿದ್ದಾನೆ, ಅವನನ್ನು ಕಿಟಕಿಯಾಚೆ ನಿಲ್ಲಿಸೋಣ, ನೀನು ಒಳಗೆ ಬೆರಳಾಡಿಸು.

ದೇವರಾಜನ್ ಒಪ್ಪಿಕೊಂಡ. ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಆದರೆ ಬಸ್ಸಿನಲ್ಲಿ ಮನೆಗೆ ಬರುವಾಗ ಭಾವನ ಕಿವಿ ನೆನಪಾಯಿತು. ಕಣ್ಣು ಕಟ್ಟಿ ಕೂರಿಸಿದರೂ ಇದು ಇಂಥವನ ಉಸಿರು ಎಂದು ಹೇಳುವ ಮನುಷ್ಯ ಚೆನ್ನಿಯಪ್ಪನ್. ಸಾಯುವ ಹೊತ್ತಿನಲ್ಲಿ ಭಾವನ ಕಿವಿಗೂ ಡಮ್ಮಿ ಆಟ ಆಡುವುದೇ? ಇಳಿದ ಕೂಡಲೇ ಮಾಸ್ಟರ್‌ಗೆ ಫೋನ್ ಮಾಡಿ ಬೇಡ ಎಂದ.

ಮತ್ತೆ ಫೌಂಡ್ರಿಯ ಗೋಡೆ, ಮತ್ತೆ ಒಂದೇ ಸ್ವರ. ಈಗ ಕೈಗಳನ್ನು ಸರಿಯಾಗಿ ಹಿಡಿಯಲು ನೋಡಿದರೆ ಬೆರಳಿಗೂ ದಾರಿ ತಪ್ಪಿತು; ಇದ್ದ ಒಂದು ವಿದ್ಯೆಯೂ ಕೈಬಿಟ್ಟಿತು. ಸಾಂತಿಯ ಫೋನು ದಿನಕ್ಕೆರಡು ಸಲ ಬರುತ್ತಿತ್ತು. ಮೊದಮೊದಲು ಏನೋ ನೆಪ ಹೇಳಿದ, ಆಮೇಲೆ ಎತ್ತುವುದನ್ನೇ ಬಿಟ್ಟ. ಅವಳು ಮತ್ತೆ ಬಂದಳು. ಈ ಸಲ ಒಳಗೆ ಬರಲಿಲ್ಲ, ನೀರೂ ಕುಡಿಯಲಿಲ್ಲ.

"ಇಷ್ಟು ಗರ್ವ ಬೇಡ ಅಣ್ಣಾ," ಎಂದಳು ಬಾಗಿಲಲ್ಲೇ ನಿಂತು. "ಮದ್ವೆ ಮದ್ವೆಗೂ ಕೋಟು ಹಾಕ್ಕೊಂಡು ಊದೋನಿಗೆ ನನ್ ಮನೇಲಿ ಊದೋಕೆ ಬಾಯಿ ನೋಯ್ತದಾ? ಅವ್ರಿಗೆ ಏನಾದ್ರೂ ಆದ್ರೆ ನಿನ್ ಮುಖ ನಾನು ನೋಡಲ್ಲ."

ಅವನು ಹರಿದ ತುಟಿಯನ್ನು ಒಳಕ್ಕೆ ಮಡಿಸಿಕೊಂಡ. ಅವಳು ಹೋದ ಮೇಲೆ ಯೂನಿಟ್ಟಿನ ಹಿಂದಿನ ಮರಳಿನ ಗುಡ್ಡೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಫೌಂಡ್ರಿಯ ಗದ್ದಲಕ್ಕೆ ಅದೂ ಯಾರಿಗೂ ಕೇಳಲಿಲ್ಲ, ಅದೊಂದು ಪುಣ್ಯ.

ಕೊನೆಗೆ ಫೋನ್ ಮಾಡಿದವಳು ಜನನಿ. ಹೆಚ್ಚು ಮಾತಾಡಲಿಲ್ಲ ಆ ಹುಡುಗಿ. "ಮಾಮಾ, ಅಪ್ಪ ಈಗ ಮಜ್ಜಿಗೆನೂ ಬೇಡ ಅಂತಾರೆ," ಎಂದು ಹೇಳಿ ಫೋನಿಟ್ಟಳು.

ಅವತ್ತು ಮಧ್ಯಾಹ್ನವೇ ದೇವರಾಜನ್ ಹೊರಟ. ಸಿಂಗಾನಲ್ಲೂರಿನಲ್ಲಿ ಬಸ್ಸು ಬದಲಿಸುವಾಗ ವಾಪಸ್ಸು ಹೋಗಿಬಿಡಲೇ ಎಂದು ಅನ್ನಿಸಿತು. ಕಾಲು ಮಾತ್ರ ಸೂಲೂರು ಬಸ್ಸನ್ನೇ ಹತ್ತಿತು. ಊದುವುದು ಬಂದಿರಲಿಲ್ಲ. ಹತ್ತು ಸಲ ಊದಿದರೆ ಒಂದು ಸಲ, ಅದೂ ಎಳೆಗರುವಿನ ಕಾಲಿನ ಹಾಗೆ ನಡುಗುವ ಒಂದು ಸ್ವರ, ಬಂದರೆ ಬಂತು. ಅದನ್ನೇ ಗಂಟು ಕಟ್ಟಿಕೊಂಡು ಹೋದ.

ಚೆನ್ನಿಯಪ್ಪನ್ ಗೋಡೆಗೆ ಮುಖ ಮಾಡಿಯೇ ಮಲಗಿದ್ದ. ಬೆನ್ನಿನ ಮೂಳೆಗಳು ಬನಿಯನ್ನಿನೊಳಗಿಂದ ಎದ್ದು ಕಾಣುತ್ತಿದ್ದವು. ಬಟ್ಟೆ ಸುತ್ತಿದ ಮೋಟುಗೈಯನ್ನು ಎದೆಯ ಕೆಳಗೆ ಅಡಗಿಸಿಕೊಂಡಿದ್ದ. ಅಣ್ಣನನ್ನು ಕಂಡ ಸಾಂತಿ ಬೈಗುಳವನ್ನೆಲ್ಲ ಮರೆತು ಓಡಿಹೋಗಿ ಒಲೆಯ ಮೇಲೆ ಅಕ್ಕಿ ಇಟ್ಟು ಬಂದಳು. ಅವಳಿಗೆ ಅಷ್ಟು ನಂಬಿಕೆ. ತಾಯಿ ಮಗಳಿಬ್ಬರೂ ಬಾಗಿಲಿಗೆ ಒರಗಿ ನಿಂತರು.

ದೇವರಾಜನ್ ಮಂಚದ ತುದಿಯಲ್ಲಿ ಕೂತ. ಕ್ಲಾರಿನೆಟ್ ಜೋಡಿಸಿದ. ತುಟಿ ಮಡಿಸಿ, ಹೊಟ್ಟೆಯಿಂದ ಉಸಿರು ತೆಗೆದು ಊದಿದ. ಬುಸ್ಸೆಂದಿತು. ಮತ್ತೆ ಊದಿದ. ಕೀಚೆಂದು ಕಿರುಚಿ, ಒಡೆದು, ನಿಂತುಹೋಯಿತು. ಮೂರನೆಯ ಸಲಕ್ಕೆ ಅದೂ ಇಲ್ಲ.

ಒಲೆಯ ಮೇಲೆ ಅಕ್ಕಿ ಕುದಿಯುತ್ತಿತ್ತು.

"ಅಣ್ಣಾ," ಎಂದಳು ಸಾಂತಿ, ಬಹಳ ಮೆಲ್ಲಗೆ. "ನಿನಗೆ ಊದಕ್ಕೆ ಬರಲ್ವಾ?"

ಅವನು ತಲೆಯೆತ್ತಲಿಲ್ಲ. ಬರಲ್ಲ ಎಂದು ತಲೆಯಾಡಿಸಿದ. ಅವಳು ಅಣ್ಣನನ್ನು ನೋಡಿದಳು, ಗಂಡನ ಬೆನ್ನನ್ನು ನೋಡಿದಳು. ಆ ಮಾತಿನ ಅರ್ಥ ಅವಳಿಗೆ ಈಗ ತಿಳಿಯಿತು. ಅದು ತಿಳಿಯುತ್ತಿರುವುದನ್ನು ದೇವರಾಜನ್ ಅವಳ ಮುಖದಲ್ಲೇ ಕಂಡ. ಜನನಿ ಅಮ್ಮನ ಭುಜ ಹಿಡಿದುಕೊಂಡಳು. ಇಷ್ಟು ದಿನ ಯಾವುದು ಆಗಬಾರದೆಂದು ತುಟಿ ಹರಿದುಕೊಂಡಿದ್ದನೋ ಅದೇ ಆಗಿಹೋಗಿತ್ತು. ದೇವರಾಜನ್‌ಗೆ ಇನ್ನು ಏನಾದರೂ ಒಂದೇ ಎನ್ನಿಸಿತು. ಹುಚ್ಚು ಹಿಡಿದವನಂತೆ ಮತ್ತೆ ಊದಿದ, ಮತ್ತೆ, ಮತ್ತೆ. ಕೈಗಳು ಹಳೇ ಅಭ್ಯಾಸದಂತೆ ತಿರುಗುಮುರುಗಾಗಿಯೇ ಕೂತವು. ರೀಡಿಗೆ ರಕ್ತ ಹತ್ತಿತು. ಬೆಕ್ಕು, ಬಾತು, ತುಕ್ಕು ಹಿಡಿದ ಗೇಟು, ಎಲ್ಲ ಕಿರುಚಿದವು ಆ ಕೋಣೆಯಲ್ಲಿ.

"ಥೂ!"

ಗೋಡೆಯ ಕಡೆಯಿಂದ ಬಂತು ಅದು. ಚೆನ್ನಿಯಪ್ಪನ್ ಹೊರಳಿದ. ಕಣ್ಣು ಗುಳಿಬಿದ್ದಿದ್ದವು, ಆದರೆ ಆ ಕಣ್ಣಲ್ಲಿ ಬೆಂಕಿಯಂಥ ಸಿಟ್ಟಿತ್ತು. ಸಾಯುವುದನ್ನಾದರೂ ಸಹಿಸುತ್ತೇನೆ, ಈ ಅಪಸ್ವರವನ್ನು ಸಹಿಸುವುದಿಲ್ಲ ಎನ್ನುವಂಥ ಸಿಟ್ಟು. ಎಡ ಮೊಣಕೈ ಊರಿ, ಏದುಸಿರು ಬಿಡುತ್ತ, ಎದ್ದು ಕೂತ. ಎಡಗೈ ಚಾಚಿ ಕ್ಲಾರಿನೆಟ್ಟನ್ನು ಕಸಿದುಕೊಂಡ. ರೀಡನ್ನು ಪಂಚೆಗೆ ಒರೆಸಿ, ವಾದ್ಯದ ಕೆಳಗಿನ ಅಗಲ ಬಾಯನ್ನು ಮಂಡಿಗಳ ನಡುವೆ ಅವುಚಿಕೊಂಡು, ಊದಿದ.

ಅಯ್ಯೋ, ಆ ನಾದ! ಸೌಡಮ್ಮನ ಮೆರವಣಿಗೆಯಲ್ಲಿ ಊದುವ ಪಾಟು. ಉಪವಾಸದ ಮೈ, ಉಸಿರು ಅರ್ಧಕ್ಕರ್ಧ, ಆದರೂ ಕಾಸಿದ ಹಾಲಿನ ಹಾಗೆ ತುಂಬಿಕೊಂಡು ಬಂತು. ಎಡಗೈ ಒಂದರಿಂದಲೇ ಮೇಲಿನ ಸ್ವರಗಳಲ್ಲಿ ಮೊದಲ ಸಾಲು ಮುಗಿಯಿತು. ಎರಡನೆಯ ಸಾಲು ಕೆಳಕ್ಕೆ ಇಳಿಯಬೇಕು. ಇಳಿಯಲು ಬಲಗೈ ಬೇಕು.

ನಾದ ಅಲ್ಲಿಗೆ ನಿಂತಿತು. ಚೆನ್ನಿಯಪ್ಪನ ಮೋಟುಗೈ ತನಗೆ ತಾನೇ ಮುಂದಕ್ಕೆ ಬಂದು, ಕೆಳಗಿನ ತೂತುಗಳ ಹತ್ತಿರ ಬಂದು, ಸುಮ್ಮನೆ ಗಾಳಿಯಲ್ಲಿ ನಿಂತಿತು. ಅವನು ಅದನ್ನೇ ನೋಡಿದ. ಅವನ ಬಾಯಿಂದ ಬಂದ ಸದ್ದನ್ನು ಅಳು ಎನ್ನಲೂ ಆಗದು. ಸಾಂತಿ ಕಿವಿ ಮುಚ್ಚಿಕೊಂಡಳು.

ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂದು ದೊಡ್ಡವರು ಹೇಳಿಬಿಟ್ಟು ಹೋದರು. ಇಬ್ಬರೂ ಒಂದೇ ಮಂಚದ ಮೇಲೆ ಕೂತರೆ ಏನು ಮಾಡಬೇಕು ಎಂದು ಹೇಳಲಿಲ್ಲ. ದೇವರಾಜನ್ ಯೋಚನೆ ಮಾಡಲಿಲ್ಲ. ಭಾವನ ಎಡಮಗ್ಗುಲಿಗೆ ಜರುಗಿ, ಭುಜಕ್ಕೆ ಭುಜ ಒತ್ತಿ, ತನ್ನ ಎಡಗೈಯನ್ನು ಭಾವನ ಎಡಗೈಯ ಕೆಳಗೆ ತಂದು ಆ ತೂತುಗಳ ಮೇಲೆ ಇಟ್ಟ. ವರ್ಷಗಟ್ಟಲೆ ತಪ್ಪಾಗಿ ಕಲಿತ ಕೈ ಅದು. ಕೆಳಗಿನ ಸ್ವರಗಳು ಗೊತ್ತಿದ್ದುದು ಆ ಎಡಗೈಗೇ. ಹೆಬ್ಬೆರಳು ಹಿಂದಿನ ಕೊಕ್ಕೆಯಡಿ ಸೇರಿತು, ಉಳಿದ ಬೆರಳು ಸಾಲಾಗಿ ಕೂತವು.

"ಊದು ಬಾವಾ," ಎಂದ.

ಚೆನ್ನಿಯಪ್ಪನ್ ಬಹಳ ಹೊತ್ತು ಆ ಬೆರಳುಗಳನ್ನೇ ನೋಡಿದ. ಆಮೇಲೆ ಊದಿದ. ಎರಡನೆಯ ಸಾಲು ಇಳಿಯಿತು. ಒಂದು ಕಡೆ ದೇವರಾಜನ್‌ನ ಬೆರಳು ಮುಂದೋಡಿತು, ಇನ್ನೊಂದು ಕಡೆ ತಡವಾಯಿತು, ಸ್ವರ ಎರಡು ಸಲ ಎಡವಿತು. ಎದುರಿಗೆ ನಿಂತು ನೋಡಿ ಕಲಿತಿದ್ದನ್ನು ಈಗ ಮಗ್ಗುಲಲ್ಲಿ ಕೂತು ಮಾಡುತ್ತಿದ್ದ. ಪಾಟು ಮುಗಿದಾಗ ಇಬ್ಬರ ಮೈಯೂ ಬೆವರಿನಿಂದ ತೊಯ್ದಿತ್ತು. ಒಲೆಯ ಮೇಲೆ ಅನ್ನ ಸೀದ ವಾಸನೆ ಬರುತ್ತಿತ್ತು.

ಸಾಂತಿ ಓಡಿಹೋಗಿ ಮೇಲುಮೇಲಿನ ಅನ್ನವನ್ನು ತಟ್ಟೆಗೆ ಹಾಕಿಕೊಂಡು, ರಸಂ ಬಿಟ್ಟುಕೊಂಡು ಬಂದಳು. ಗಂಡನ ಮುಂದೆ ಮಂಡಿಯೂರಿ ಕೂತು ತುತ್ತು ಎತ್ತಿದಳು. ಚೆನ್ನಿಯಪ್ಪನ್ ಬಾಯಿ ತೆರೆಯಲಿಲ್ಲ.

"ಇವ ಊದಿಲ್ಲ," ಎಂದ. ಎಷ್ಟೋ ದಿನದ ಮೇಲೆ ಆಡಿದ ಮಾತು, ದನಿ ಗೊಗ್ಗರಾಗಿತ್ತು. "ಊದಿದ್ದು ನಾನು. ಮಾತು ಅಂದ್ರೆ ಮಾತು."

ಸಾಂತಿಯ ಕೈ ನಡುದಾರಿಯಲ್ಲೇ ನಿಂತಿತು. ದೇವರಾಜನ್‌ಗೆ ಪ್ರಾಣ ಹೋದಂತಾಯಿತು. ಇಷ್ಟಾದ ಮೇಲೂ ಇದೇ ಹಟವೇ? ಈ ಮನುಷ್ಯನನ್ನು ಏನು ಮಾಡುವುದು?

ಚೆನ್ನಿಯಪ್ಪನ್ ಕ್ಲಾರಿನೆಟ್ಟಿನ ತುದಿಯನ್ನು ದೇವರಾಜನ್‌ನ ಬಾಯಿಗೆ ತಂದಿಟ್ಟ. ಮೇಲಿನ ತೂತುಗಳನ್ನು ಎಡಗೈಯಲ್ಲಿ ತಾನೇ ಮುಚ್ಚಿದ. ಮೋಟುಗೈಯನ್ನು, ಇಷ್ಟು ದಿನ ಯಾರಿಗೂ ತೋರಿಸದ ಆ ಮೋಟುಗೈಯನ್ನು, ದೇವರಾಜನ್‌ನ ಹೊಟ್ಟೆಗೆ ಒತ್ತಿ ಹಿಡಿದ. ಇಲ್ಲಿಂದ ತೆಗಿ ಎಂದ. ಕಚ್ಚಬೇಡ, ರೀಡೇನು ಕಬ್ಬಲ್ಲ ಎಂದ. ದೇವರಾಜನ್ ಊದಿದ. ಬುಸ್ಸೆಂದಿತು. ಕತ್ತೆ ಎಂದು ಬೈದ. ಮತ್ತೆ ಊದಿದ, ಕಿರುಚಿತು. ಮತ್ತೆ ಬೈದ. ಸಾಂತಿ ತಟ್ಟೆ ಹಿಡಿದು ಕೂತೇ ಇದ್ದಳು, ರಸಂ ಆರುತ್ತಿತ್ತು, ಕಿಟಕಿಯ ಬಿಸಿಲು ಮಂಚ ಬಿಟ್ಟು ಗೋಡೆಗೆ ಏರಿತು. ಹರಿದ ತುಟಿ ಉರಿಯುತ್ತಿತ್ತು. ಹೊಟ್ಟೆಗೆ ಒತ್ತಿದ ಮೋಟುಗೈಯೊಂದೇ ದೇವರಾಜನ್‌ಗೆ ಗೊತ್ತಾಗುತ್ತಿತ್ತು. ಆ ಜಾಗದಿಂದ ಉಸಿರು ತೆಗೆದ.

ಬಂತು. ಒರಟಾಗಿ, ಅಂಚು ಹರಿದ ಬಟ್ಟೆಯ ಹಾಗೆ ಬಂತು, ಆದರೆ ಒಡೆಯಲಿಲ್ಲ. ಉಸಿರು ಇರುವಷ್ಟು ಹೊತ್ತೂ ನಿಂತಿತು.

ಚೆನ್ನಿಯಪ್ಪನ್ ತಲೆ ಓರೆ ಮಾಡಿಕೊಂಡು ಅದು ಮುಗಿಯುವವರೆಗೂ ಕೇಳಿದ. ಕೇಳಿ, ಹೆಂಡತಿಯ ಕಡೆ ತಿರುಗಿದ.

"ತತ್ತಾ ಇಲ್ಲಿ. ಈ ಕತ್ತೆಗೆ ಕಲಿಸ್ಬೇಕು ಅಂದ್ರೆ ಮೈಲಿ ತ್ರಾಣ ಬೇಕು."

ಅವಳು ತುತ್ತು ಎತ್ತಿದಳು. ಅವನು ಅವಳ ಕೈಯನ್ನು ಪಕ್ಕಕ್ಕೆ ಸರಿಸಿ, ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಆಮೇಲೆ ಎಡಗೈಯನ್ನು ಅನ್ನಕ್ಕೆ ಹಾಕಿದ. ತುತ್ತು ಕಟ್ಟಲು ಆ ಕೈಗೆ ಬರಲಿಲ್ಲ. ಅರ್ಧ ಬಾಯಿಗೆ ಹೋಯಿತು, ಅರ್ಧ ಪಂಚೆಯ ಮೇಲೆ ಬಿತ್ತು. ಸಾಂತಿ ಎದ್ದು ಹೋಗಿ ಇನ್ನಷ್ಟು ಅನ್ನ ತಂದು ಬಡಿಸಿದಳು.